ಸೈಕಲ್ ಬಂತು, ದಾರಿ ಎಲ್ಲಿ?



2006-07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮಕ್ಕಳ ಕೈಗೆ ಸೈಕಲ್ ಬಂತು; ನಗರದಲ್ಲಿ ಅದಕ್ಕೊಂದು ಸುರಕ್ಷಿತ ದಾರಿ ಬರಲಿಲ್ಲ.

ಸೈಕಲ್‌ಗೆ ಹೆಸರಾದ ನೆದರ್‌ಲ್ಯಾಂಡ್ಸ್‌ನಲ್ಲೂ 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಯರು ಬೀದಿಗಿಳಿದರು. ಪ್ರತ್ಯೇಕ ಸೈಕಲ್ ಪಥಗಳು, ವಾಹನಗಳ ವೇಗ ತಗ್ಗಿಸುವ ಬೀದಿಗಳು ಹೆಚ್ಚಿದ್ದು ಆಮೇಲೆ. ಕೇಳಿದ್ದರಿಂದ ಸಿಕ್ಕಿತು.

ನಮ್ಮಲ್ಲಿ ನಿಯಮಕ್ಕೆ ಕೊರತೆಯಿಲ್ಲ. ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ವಿದ್ಯಾರ್ಥಿಗಳೇ, ಟೇಪು ಹಿಡಿದು ನಿಮ್ಮ ಶಾಲೆಯ ಮುಂದೆ ಅಳೆಯಿರಿ. ಕಂಬ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು ಕಳೆದು ಉಳಿದದ್ದನ್ನು ಬರೆಯಿರಿ. ಆ ಅಳತೆಯನ್ನು ಅರ್ಜಿಯೊಂದಿಗೆ ಪಾಲಿಕೆಗೆ ಒಪ್ಪಿಸುವುದು ಹಿರಿಯರಾದ ನಮ್ಮ ಕೆಲಸ.