ಗಡ್ಡೆಯ ಒಂದು ತುಣುಕೂ ಅಮಾನತ್

(ಬಿಜೈಯಲ್ಲಿ ಜರುಗಿದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ಇದೇ ಬಿಜೈಯ ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣದಲ್ಲಿ ರಾತ್ರಿ ಬೆಂಗಳೂರು ಬಸ್ಸು ಹೊರಡುವ ಹೊತ್ತಿಗೆ ಒಮ್ಮೆ ನಿಂತು ನೋಡಿ. ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಕವರನ್ನು ಎದೆಗವಚಿಕೊಂಡು ಬಸ್ಸು ಹತ್ತುವವರು ಕಾಣಸಿಗುತ್ತಾರೆ. ಅವರಲ್ಲಿ ಕಿದ್ವಾಯಿ ಆಸ್ಪತ್ರೆಗೆ ಹೋಗುವವರೂ ಇರುತ್ತಾರೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಈ ಸಂಸ್ಥೆ 1973ರಲ್ಲಿ ಆರಂಭವಾಯಿತು. ಇಂದು ಮಂಗಳೂರಿನಲ್ಲೂ ದೇರಳಕಟ್ಟೆಯಲ್ಲೂ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ.

ನಾನಿಂದು ಹೇಳಬಯಸುವುದು ಆಪರೇಷನ್‌ಗೆ ಮೊದಲು ರೋಗಿಯ ಕೈಗೆ ಬರಬಹುದಾದ ಒಂದು ಕಾಗದದ ಕುರಿತು. ತೆಗೆದ ಗಡ್ಡೆಯಲ್ಲಿ ಪರೀಕ್ಷೆಗೆ ಬಳಸಿ ಉಳಿದ ಭಾಗವನ್ನು ಸಂಶೋಧನೆಗಾಗಿ ಕಾಯ್ದಿರಿಸಲು ಅನುಮತಿ ಕೇಳುವ ಒಪ್ಪಿಗೆ ಪತ್ರವದು. ಓದದೆ ಸಹಿ ಹಾಕುವವರಿದ್ದಾರೆ, ಹೆದರಿ ಬೇಡವೆನ್ನುವವರೂ ಇದ್ದಾರೆ. ಎರಡೂ ಸರಿಯಲ್ಲವೆಂಬುದೇ ನನ್ನ ಮಾತಿನ ಸಾರ.

ಹೀಗೆ ಕಾಯ್ದಿಡುವ ವ್ಯವಸ್ಥೆಗೆ ಬಯೋಬ್ಯಾಂಕ್ ಎನ್ನುತ್ತಾರೆ. ಗಡ್ಡೆಯ ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಅಚ್ಚಿನಲ್ಲಿ ಹುದುಗಿಸಿ ವರ್ಷಗಟ್ಟಲೆ ಕಾಪಾಡಬಹುದು. ಇನ್ನೊಂದು ಭಾಗವನ್ನು ಬೇಗನೆ ಶೈತ್ಯಗೊಳಿಸಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಅಥವಾ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ತಡವಾದರೆ ಜೀವಕೋಶದೊಳಗಿನ ಸೂಕ್ಷ್ಮ ಅಣುಗಳು ಹಾಳಾಗುತ್ತವೆ. ರೋಗಿಯ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ. ಚಿಕಿತ್ಸೆ ಏನು, ಐದಾರು ವರ್ಷಗಳ ಬಳಿಕ ರೋಗ ಮರುಕಳಿಸಿತೇ ಎಂಬ ದಾಖಲೆಯೂ ಜೊತೆಗಿದ್ದರೆ ಮಾತ್ರ ಆ ತುಣುಕಿಗೆ ಬೆಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಗಡ್ಡೆಗಳ ಸಂಗ್ರಹವಿದೆ.

ಇದರಿಂದ ಲಾಭವೇನು? 1987ರಲ್ಲಿ ಅಮೆರಿಕದ ಡೆನಿಸ್ ಸ್ಲ್ಯಾಮನ್ ಮತ್ತು ಸಂಗಡಿಗರು ಕಾಯ್ದಿಟ್ಟಿದ್ದ 189 ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದರು. ಹೆರ್-2 ಎಂಬ ಜೀನ್ ಅತಿಯಾಗಿ ಹೆಚ್ಚಿಕೊಂಡಿದ್ದವರಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು. ಅದನ್ನೇ ಗುರಿಯಾಗಿಸಿದ ಟ್ರಾಸ್ಟುಜುಮಾಬ್ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಇಂದು ನಮ್ಮ ತಾಯಂದಿರೂ ಸಹೋದರಿಯರೂ ಆ ಔಷಧ ಪಡೆಯುತ್ತಿದ್ದಾರೆ. ಅದರ ಹಿಂದೆ ನಾವು ಹೆಸರನ್ನೂ ಅರಿಯದ ಸ್ತ್ರೀಯರ ಗಡ್ಡೆಗಳಿವೆ.

ಆದರೆ ನಮ್ಮ ಕಾಯಿಲೆಗೆ ಉತ್ತರ ನಮ್ಮಲ್ಲೇ ಹುಡುಕಬೇಕಾದ ಸಂದರ್ಭವೂ ಇದೆ. ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾಗಳಿಂದ ಒಸಡು ಮತ್ತು ಕೆನ್ನೆಯ ಒಳಭಾಗಕ್ಕೆ ಬರುವ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚು. ಇಂತಹ 110 ರೋಗಿಗಳ ಗಡ್ಡೆಗಳನ್ನು ಅಭ್ಯಸಿಸಿದ ಭಾರತೀಯ ವಿಜ್ಞಾನಿಗಳು, ಈ ಕ್ಯಾನ್ಸರಿನಲ್ಲಿ ಹಿಂದೆ ಗುರುತಿಸದಿದ್ದ ಕೆಲವು ಜೀನ್ ಬದಲಾವಣೆಗಳನ್ನು 2013ರಲ್ಲಿ ಪ್ರಕಟಿಸಿದರು. ರೋಗಿಗಳು ಒಪ್ಪದಿದ್ದರೆ ಇದು ಸಾಧ್ಯವಿರಲಿಲ್ಲ.

ಹಾಗೆಂದು ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಮಹಿಳೆಯ ಗಡ್ಡೆಯಿಂದ ಜೀವಕೋಶಗಳನ್ನು ಆಕೆಯನ್ನು ಕೇಳದೆಯೇ ತೆಗೆದುಕೊಂಡರು. ಆಕೆ ಅದೇ ವರ್ಷ ತೀರಿಕೊಂಡರು. ಆ ಜೀವಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಎರಡು ದಶಕ ಕಾಲ ಮಕ್ಕಳಿಗೆ ವಿಷಯವೇ ಗೊತ್ತಿರಲಿಲ್ಲ. 2023ರಲ್ಲಷ್ಟೇ ಒಂದು ಕಂಪೆನಿ ಕುಟುಂಬದೊಂದಿಗೆ ರಾಜಿ ಮಾಡಿಕೊಂಡಿತು. ವಿದ್ಯೆ ಬೆಳೆಯಿತು, ಆದರೆ ಅಮಾನತ್ ಮುರಿಯಿತು.

ಆದ್ದರಿಂದ ಕೇಳುವುದು ನಿಮ್ಮ ಹಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳಲ್ಲಿ ಬಯೋಬ್ಯಾಂಕ್‌ಗೆ ಪ್ರತ್ಯೇಕ ಅಧ್ಯಾಯವೇ ಇದೆ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ನೈತಿಕ ಸಮಿತಿಯ ಪರಿಶೀಲನೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು. ಬೇಡವೆಂದರೂ ಚಿಕಿತ್ಸೆಯಲ್ಲಿ ಕೊರತೆಯಾಗಕೂಡದು. ತುಣುಕು ಎಲ್ಲಿಡುತ್ತೀರಿ, ಯಾರಿಗೆ ಕೊಡುತ್ತೀರಿ, ಹೆಸರು ಗುಟ್ಟಾಗಿರುವುದೇ ಎಂದು ಕನ್ನಡದಲ್ಲೇ ಕೇಳಿ. ಅರ್ಥವಾಗುವವರೆಗೆ ಸಹಿ ಹಾಕಬೇಡಿ.

ದೇಹದಿಂದ ಬೇರ್ಪಟ್ಟ ಭಾಗವನ್ನು ದಫನ ಮಾಡಬೇಕಲ್ಲವೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದು ಸಹಜ. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ. ಉಲಮಾಗಳನ್ನೂ ವೈದ್ಯರನ್ನೂ ಕೇಳಿ ತಿಳಿದುಕೊಳ್ಳಿ. ಗಡ್ಡೆ ತೆಗೆಯುವುದು ರೋಗಿಯ ಚಿಕಿತ್ಸೆಗಾಗಿ. ಬಯೋಬ್ಯಾಂಕಿಗೆ ಸಿಗುವುದು ಪರೀಕ್ಷೆಯ ಬಳಿಕ ಉಳಿದದ್ದು ಮಾತ್ರ ಎಂಬುದನ್ನೂ ಅವರಿಗೆ ತಿಳಿಸಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ವೈದ್ಯಕೀಯ ಸೀಟು ಸಿಗದಿದ್ದರೆ ಬದುಕೇ ಮುಗಿಯಿತೆಂದು ಭಾವಿಸಬೇಡಿ. ಗಡ್ಡೆಯನ್ನು ಕೆಡದಂತೆ ಇಡುವ ಲ್ಯಾಬ್ ಟೆಕ್ನಿಷಿಯನ್, ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಜ್ಞ, ಜೀನುಗಳನ್ನು ಓದುವ ಕಂಪ್ಯೂಟರ್ ತಜ್ಞ, ರೋಗಿಯ ಬಳಿ ಕುಳಿತು ಬ್ಯಾರಿಯಲ್ಲೋ ತುಳುವಿನಲ್ಲೋ ಒಪ್ಪಿಗೆ ಪತ್ರ ವಿವರಿಸುವ ಕೌನ್ಸೆಲರ್ ಇವರೆಲ್ಲರೂ ಬೇಕು. ಬಸ್ಸಿನಲ್ಲಿ ಫೈಲು ಹಿಡಿದು ಹೋಗುವವರ ಭಾಷೆ ಬಲ್ಲ ನೀವು ಆ ಪ್ರಯೋಗಾಲಯಗಳ ಒಳಗೂ ಇರಬೇಕು.

ಪಡೆದ ವಿದ್ಯೆಯನ್ನು ಅಮಾನತ್ ಎಂದು ಕಾಪಾಡುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.