ಗಣಕಜಾಲದಲ್ಲಿ ಹೆಸರು ಮತ್ತು ವಿಳಾಸ: ತೊಡಕುಗಳೂ ಪರಿಹಾರಗಳೂ

ಒಂದು ಚಿಕ್ಕ ಕಚೇರಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತದೆ. ಶನಿವಾರದವರೆಗೆ ಸರಿಯಾಗಿದ್ದ ಪ್ರಿಂಟರ್ ಈ ದಿನ ಯಾವ ಗಣಕಯಂತ್ರದ ಮಾತನ್ನೂ ಕೇಳುವುದಿಲ್ಲ. ಹೊರಗೆ ರಸೀದಿಗಾಗಿ ಜನ ಸಾಲುಗಟ್ಟಿ ನಿಂತಿದ್ದಾರೆ. ಯಂತ್ರ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ವಿದ್ಯುತ್ತೂ ಇದೆ. ಆದದ್ದು ಇಷ್ಟೇ: ಪ್ರಿಂಟರಿನ ವಿಳಾಸ ಬದಲಾಗಿದೆ, ಅದನ್ನು ಹುಡುಕುವ ಯಂತ್ರಗಳಿಗೆ ಆ ಸಂಗತಿ ತಿಳಿದಿಲ್ಲ.

ಸಣ್ಣ ಜಾಲಗಳಲ್ಲಿ ಪದೇ ಪದೇ ತಲೆದೋರುವ ತೊಂದರೆಗಳಲ್ಲಿ ಇದೂ ಒಂದು. ಇದನ್ನು ಅರಿಯಲು ತಂತ್ರಜ್ಞರೇ ಆಗಬೇಕೆಂದಿಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಹನ್ನೊಂದು ತಿಂಗಳ ಬಾಡಿಗೆ ಕರಾರು ಹೊಸದಲ್ಲ. ಕರಾರು ಮುಗಿದು ಮನೆ ಬದಲಾಯಿಸಿದರೂ ವ್ಯಕ್ತಿಯ ಹೆಸರು ಬದಲಾಗದು. ಹಳೆಯ ವಿಳಾಸಕ್ಕೆ ಬರೆದ ಪತ್ರ ಮಾತ್ರ ಹೊಸ ಬಾಡಿಗೆದಾರನ ಕೈ ಸೇರುತ್ತದೆ. ಗಣಕಜಾಲದಲ್ಲಿಯೂ ಹಾಗೆಯೇ. ಹೆಸರು ಯಂತ್ರದ ಸ್ವಂತದ್ದು, ವಿಳಾಸ ಬಾಡಿಗೆಯದು.

ಹಿಂದೆ ಅಮೆರಿಕದ ಅರ್ಪಾನೆಟ್ ಜಾಲದ ಯಂತ್ರಗಳ ಹೆಸರು ಮತ್ತು ವಿಳಾಸಗಳನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಯಂತ್ರಗಳ ಸಂಖ್ಯೆ ಬೆಳೆದಂತೆ ಆ ಪಟ್ಟಿಯನ್ನು ಸರಿಯಾಗಿಡುವುದು ಕಷ್ಟವಾಯಿತು. ಆಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಯಂತ್ರಗಳಿಗೆ ತಾನಾಗಿಯೇ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ನಿಯಮಾವಳಿ 1993ರಲ್ಲಿ ಪ್ರಕಟವಾಗಿ, 1997ರಲ್ಲಿ ಪರಿಷ್ಕೃತವಾಯಿತು. ಇಂದು ಮನೆಯ ರೌಟರಿನಲ್ಲಿಯೂ ಈ ಹಂಚಿಕೆ ನಡೆಯುತ್ತದೆ.

ಹಂಚಿಕೆಯ ಕ್ರಮ ಸರಳವಾದುದು. ಜಾಲಕ್ಕೆ ಹೊಸದಾಗಿ ಸೇರಿದ ಯಂತ್ರ 'ವಿಳಾಸ ಕೊಡುವವರು ಯಾರಾದರೂ ಇದ್ದಾರೆಯೇ?' ಎಂದು ಕೂಗಿ ಕೇಳುತ್ತದೆ. ರೌಟರ್ ಒಂದು ವಿಳಾಸವನ್ನು ಮುಂದಿಡುತ್ತದೆ. ಯಂತ್ರ ಅದನ್ನೇ ಕೋರುತ್ತದೆ. ರೌಟರ್ ಒಪ್ಪಿಗೆ ನೀಡುತ್ತದೆ. ಆ ಒಪ್ಪಿಗೆಯೊಡನೆ ಗುತ್ತಿಗೆಯ ಅವಧಿಯೂ ನಿಗದಿಯಾಗುತ್ತದೆ. ಅವಧಿ ಎಂಟು ದಿನಗಳಾದರೆ ಸಾಮಾನ್ಯವಾಗಿ ನಾಲ್ಕನೆಯ ದಿನವೇ ಯಂತ್ರ ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೆ ಏಳನೆಯ ದಿನದಿಂದ ಜಾಲದಲ್ಲಿರುವ ಯಾವುದೇ ಹಂಚಿಕೆದಾರನನ್ನು ಕೇಳತೊಡಗುತ್ತದೆ. ಆಗಲೂ ಉತ್ತರ ದೊರೆಯದಿದ್ದರೆ, ಅವಧಿ ತೀರಿದೊಡನೆ ವಿಳಾಸವನ್ನು ಬಿಟ್ಟುಕೊಡಲೇಬೇಕು. ರಜೆಯಲ್ಲಿ ಆರಿಸಿಟ್ಟ ಪ್ರಿಂಟರ್ ನವೀಕರಣ ಕೇಳಲಾರದು. ಅದರ ಅವಧಿ ತೀರಿದ ಮೇಲೆ ಆ ವಿಳಾಸ ಬೇರೊಂದು ಯಂತ್ರಕ್ಕೆ ಹೋಗಬಹುದು. ಇದಲ್ಲದೆ, ವಿದ್ಯುತ್ ಹೋಗಿ ಬಂದಾಗ ತಾನು ಹಂಚಿದ ವಿಳಾಸಗಳ ಪಟ್ಟಿಯನ್ನೇ ಮರೆಯುವ ರೌಟರುಗಳೂ ಉಂಟು.

ದೋಷವನ್ನು ಹುಡುಕುವಾಗ ಮೊದಲು ನೋಡತಕ್ಕದ್ದು ಯಂತ್ರಕ್ಕೆ ದೊರೆತಿರುವ ವಿಳಾಸ. ವಿಂಡೋಸ್ ಯಂತ್ರದಲ್ಲಿ 'ಐಪಿಕಾನ್ಫಿಗ್' ಎಂಬ ಆದೇಶ ಇದನ್ನು ತೋರಿಸುತ್ತದೆ. ವಿಳಾಸ 169.254 ಎಂದು ಆರಂಭವಾಗಿದ್ದರೆ, ಯಂತ್ರ ಕೂಗಿದರೂ ಯಾರೂ ಓಗೊಟ್ಟಿಲ್ಲ, ಅದು ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ತಂತಿ, ವೈಫೈ ಮತ್ತು ರೌಟರುಗಳನ್ನು ಪರೀಕ್ಷಿಸಬೇಕು. ಅವೆಲ್ಲ ಸರಿಯಿದ್ದರೆ ಹಂಚಲು ವಿಳಾಸಗಳೇ ಉಳಿದಿಲ್ಲದಿರಬಹುದು. 192.168.1.100ರಿಂದ 149ರವರೆಗೆ ಎಂದರೆ ಇರುವುದು 50 ವಿಳಾಸಗಳು ಮಾತ್ರ. ಬಂದುಹೋಗುವವರ ದೂರವಾಣಿಗಳೂ ಒಂದೊಂದನ್ನು ಎಂಟು ದಿನ ಹಿಡಿದಿಟ್ಟರೆ ಉಗ್ರಾಣ ಬರಿದಾಗದೆ ಇರದು. ಅಂತಹ ಕಡೆ ಗುತ್ತಿಗೆಯ ಅವಧಿಯನ್ನು ಒಂದೆರಡು ಗಂಟೆಗಳಿಗೆ ಇಳಿಸುವುದು ಲೇಸು.

ದೊರೆತ ವಿಳಾಸ ಕಚೇರಿಯ ಸರಣಿಗೆ ಸೇರದೆ ಬೇರೆಯೇ ಆಗಿದ್ದರೆ, ಯಾರೋ ಎರಡನೆಯ ರೌಟರನ್ನು ಜಾಲಕ್ಕೆ ಜೋಡಿಸಿರುವ ಸಂಭವವಿದೆ. ಒಂದೇ ಮನೆಗೆ ಇಬ್ಬರು ಮಾಲೀಕರು ಕರಾರು ಬರೆದುಕೊಟ್ಟಂತೆ ಇದು. ಹೆಚ್ಚಿನ ರೌಟರಿನ ಹಂಚಿಕೆಯನ್ನು ನಿಲ್ಲಿಸುವುದೇ ಪರಿಹಾರ.

ವಿಳಾಸ ಸರಿಯಿದ್ದೂ ಕೆಲಸ ಆಗದಿದ್ದರೆ 'ಪಿಂಗ್' ಎಂಬ ಆದೇಶದಿಂದ ಬೇಕಾದ ಯಂತ್ರವನ್ನು ಮೊದಲು ಅದರ ವಿಳಾಸದಿಂದ, ಅನಂತರ ಹೆಸರಿನಿಂದ ಕರೆಯಬೇಕು. ವಿಳಾಸಕ್ಕೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಹೆಸರಿನ ವ್ಯವಸ್ಥೆಯಲ್ಲಿದೆ. ಕರೆಯುವ ಯಂತ್ರ ಹಳೆಯ ವಿಳಾಸವನ್ನು ನೆನಪಿನಲ್ಲಿಟ್ಟುಕೊಂಡಿರಬಹುದು. ಆ ನೆನಪನ್ನು ಅಳಿಸಬೇಕು. ಎರಡು ಯಂತ್ರಗಳಿಗೆ ಒಂದೇ ಹೆಸರಿರಬಹುದು. ಒಂದು ಯಂತ್ರದ ಡಿಸ್ಕನ್ನು ನಕಲು ಮಾಡಿ ಇನ್ನೊಂದಕ್ಕೆ ಹಾಕಿದಾಗ ಹೀಗಾಗುತ್ತದೆ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕಿರುಗೆರೆಗಳ ಹೊರತು ಬೇರೇನೂ ಇಲ್ಲದಿರುವುದು ಕ್ಷೇಮ. 15 ಅಕ್ಷರಗಳೊಳಗಿನ ಹೆಸರು ವಿಂಡೋಸ್‌ನ ಹಳೆಯ ಪದ್ಧತಿಗೂ ಹೊಂದುತ್ತದೆ.

ಪ್ರಿಂಟರ್ ಮತ್ತು ಕಡತಗಳನ್ನು ಕಾಯುವ ಯಂತ್ರಗಳಂತಹ, ಎಲ್ಲರೂ ಅವಲಂಬಿಸುವ ಸಾಧನಗಳಿಗೆ ಕಾಯ್ದಿರಿಸಿದ ವಿಳಾಸವೇ ಉತ್ತಮ. ಪ್ರತಿಯೊಂದು ಸಾಧನಕ್ಕೂ ಮ್ಯಾಕ್ ಎಂಬ 12 ಅಂಕಾಕ್ಷರಗಳ ಗುರುತುಸಂಖ್ಯೆ ಇರುತ್ತದೆ. ಅದನ್ನು ರೌಟರಿನಲ್ಲಿ ನಮೂದಿಸಿದರೆ ಆ ಸಾಧನಕ್ಕೆ ಸದಾ ಅದೇ ವಿಳಾಸ ದೊರೆಯುತ್ತದೆ. ಸಾಧನದಲ್ಲಿಯೇ ವಿಳಾಸವನ್ನು ಕೈಯಾರೆ ಬರೆಯುವುದಾದರೆ ಅದು ಹಂಚಿಕೆಯ ಸರಣಿಯ ಹೊರಗಿರಬೇಕು. ಇಲ್ಲವಾದರೆ ಅದೇ ವಿಳಾಸ ಇನ್ನೊಂದು ಯಂತ್ರಕ್ಕೂ ಹೋಗಿ ಘರ್ಷಣೆಯಾದೀತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಬಹುಪಾಲು ದೂರವಾಣಿಗಳು ಖಾಸಗಿತನದ ರಕ್ಷಣೆಗಾಗಿ ಜಾಲಕ್ಕೊಂದು ಕೃತಕ ಮ್ಯಾಕ್ ಸಂಖ್ಯೆಯನ್ನು ತೋರಿಸುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು.

ಆತುರದಲ್ಲಿ ರೌಟರಿನ ಹಿಂಬದಿಯ ಚಿಕ್ಕ ರಂಧ್ರದಲ್ಲಿ ಕಡ್ಡಿ ಒತ್ತಿ ಎಲ್ಲವನ್ನೂ ಮೂಲಸ್ಥಿತಿಗೆ ತರುವವರುಂಟು. ಅದರಿಂದ ಕಾಯ್ದಿರಿಸಿದ ವಿಳಾಸಗಳು ಮಾತ್ರವಲ್ಲದೆ ಅಂತರಜಾಲ ಸಂಪರ್ಕದ ವಿವರಗಳೂ ಅಳಿಸಿಹೋಗಿ, ಅರ್ಧ ಗಂಟೆಯ ತೊಡಕು ಎರಡು ದಿನಗಳ ತೊಡಕಾಗುತ್ತದೆ. ಅದಕ್ಕೆ ಬದಲಾಗಿ ಪ್ರತಿ ಸಾಧನದ ಹೆಸರು, ಕಾಯ್ದಿರಿಸಿದ ವಿಳಾಸ ಮತ್ತು ಮ್ಯಾಕ್ ಸಂಖ್ಯೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು, ಬದಲಾವಣೆಯಾದಾಗ ದಿನಾಂಕ ಸಹಿತ ತಿದ್ದುವುದು ಒಳ್ಳೆಯದು. ಅಂತಹ ಪುಸ್ತಕವಿರುವ ಕಚೇರಿಯಲ್ಲಿ ಸೋಮವಾರದ ಸಾಲು ಬೇಗ ಕರಗುತ್ತದೆ.