ಸಕ್ಕರೆ ಕಾಯಿಲೆಗೆ ಪ್ರಾಣಿಯ ಜೀವಕೋಶ: ನಾಳಿನ ಚಿಕಿತ್ಸೆ, ಇಂದಿನ ಸೂಜಿ

(ಸಾಣಾಪುರದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಂದಿಯ ಜೀವಕೋಶ ಹಾಕಿ ಸಕ್ಕರೆ ಕಾಯಿಲೆ ಗುಣಪಡಿಸುತ್ತಾರಂತೆ, ಹೌದೇ? ಹೌದಾದರೆ ನಾವು ಅದನ್ನು ಹಾಕಿಸಿಕೊಳ್ಳಬಹುದೇ? ಇಂದಿನ ವಿಷಯ ಗೊತ್ತಾದ ಮೇಲೆ ಹಲವರು ಇವೆರಡು ಪ್ರಶ್ನೆ ಕೇಳಿದ್ದಾರೆ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ. ಭತ್ತದ ನಾಡಾದ ನಮ್ಮ ಗಂಗಾವತಿ ಸೀಮೆಯಲ್ಲಿ ಮೂರು ಹೊತ್ತೂ ಅನ್ನ ಉಂಡು ನಡೆದಾಡದೆ ಕೂರುವವರಿಗೆ ಅದರ ಬಗ್ಗೆ ಬೇರೆಯೇ ಭಾಷಣ ಬೇಕು. ಇಂದು ಅದು ಬೇಡ. ನಾನು ಹೇಳಹೊರಟಿರುವುದು ಮೊದಲನೆಯ ಬಗೆ, ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಶುರುವಾಗುವಂಥದ್ದು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುವೆ ನಡುಗಡ್ಡೆ ಇರುವಂತೆ, ನಮ್ಮ ಮೇದೋಜೀರಕ ಗ್ರಂಥಿಯೊಳಗೆ ಜೀವಕೋಶಗಳ ಪುಟ್ಟ ಪುಟ್ಟ ಗುಂಪುಗಳು ಚದುರಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಅವನ್ನು ಮೊದಲು ವರ್ಣಿಸಿದ. ಇನ್ಸುಲಿನ್ ಹುಟ್ಟುವುದು ಅಲ್ಲಿ. ಈ ಬಗೆಯ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಅವನ್ನು ಶತ್ರುವೆಂದು ಬಗೆದು ಕೊಲ್ಲುತ್ತದೆ. ಆಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಉಳಿಯದು.

ಸತ್ತ ಕೋಶಗಳ ಜಾಗಕ್ಕೆ ಬೇರೆ ಕೋಶ ಹಾಕಬಾರದೇಕೆ? ಈ ಆಲೋಚನೆ ಹಳೆಯದು. 1893ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 15 ವರ್ಷದ ಹುಡುಗನಿಗೆ ಕುರಿಯ ಗ್ರಂಥಿಯ ತುಂಡುಗಳನ್ನು ಇಟ್ಟು ನೋಡಿದರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಸತ್ತವರು ದಾನ ಮಾಡಿದ ಗ್ರಂಥಿಯ ಕೋಶಗಳನ್ನು ಪಡೆದ ಏಳು ಜನ ಸೂಜಿ ಬಿಟ್ಟು ಬದುಕಿ ತೋರಿಸಿದರು. ಆದರೆ ಒಬ್ಬ ರೋಗಿಗೆ ಸಾಮಾನ್ಯವಾಗಿ ಇಬ್ಬರು ದಾನಿಗಳಾದರೂ ಬೇಕು. ಅಷ್ಟು ದಾನಿಗಳು ಎಲ್ಲಿಂದ ಬರಬೇಕು?

ಹಾಗಾಗಿ ಕಣ್ಣು ಹಂದಿಯ ಮೇಲೆ ಬಿತ್ತು. ಇನ್ಸುಲಿನ್ 51 ಕೊಂಡಿಗಳ ಸರಪಳಿ ಎಂದುಕೊಳ್ಳಿ. ನಮ್ಮದಕ್ಕೂ ಹಂದಿಯದ್ದಕ್ಕೂ ಒಂದೇ ಕೊಂಡಿಯ ವ್ಯತ್ಯಾಸ, ದನದ್ದಕ್ಕೆ ಮೂರು. 1922ರಿಂದ ಸುಮಾರು 60 ವರ್ಷ ಸೀಸೆಯಲ್ಲಿ ಬರುತ್ತಿದ್ದುದು ದನದ ಅಥವಾ ಹಂದಿಯ ಇನ್ಸುಲಿನ್ನೇ. ನಮ್ಮ ಹಿರಿಯರಲ್ಲಿ ಅನೇಕರು ಅದರಿಂದಲೇ ಬದುಕಿದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿ ಮಾರುಕಟ್ಟೆಗೆ ತಂದಿತು. ದನದ್ದೆಂದರೆ ನೆರೆಮನೆಯವರಿಗೆ ಸಂಕಟ, ಹಂದಿಯದ್ದೆಂದರೆ ನಮಗೆ ಸಂಕಟ. ಯೀಸ್ಟ್ ಇಬ್ಬರನ್ನೂ ಪಾರು ಮಾಡಿತು!

ಇನ್ಸುಲಿನ್ ಬೇರೆ, ಬದುಕಿರುವ ಕೋಶವೇ ಬೇರೆ. ಹಂದಿಯ ಕೋಶ ಒಳಗೆ ಹೋದೊಡನೆ ಮೈ ಅದರ ಮೇಲೆ ಎರಗುತ್ತದೆ. ಅದಕ್ಕೊಂದು ಉಪಾಯವೆಂದರೆ ಕಡಲಪಾಚಿಯಿಂದ ತೆಗೆದ ಅಂಟಿನಲ್ಲಿ ಕೋಶಗಳನ್ನು ಸುತ್ತಿಡುವುದು. ಹಿಟ್ಟಿನ ಸಾಣಿಗೆಯಂತೆ ಸಕ್ಕರೆ ಒಳಗೆ ಬರುತ್ತದೆ, ಇನ್ಸುಲಿನ್ ಹೊರಗೆ ಹೋಗುತ್ತದೆ, ದಾಳಿ ಮಾಡುವ ರಕ್ತಕಣ ಮಾತ್ರ ನುಸುಳದು. ನ್ಯೂಜಿಲೆಂಡ್‌ನಲ್ಲಿ ಇದನ್ನು ರೋಗಿಗಳಲ್ಲಿ ಪ್ರಯೋಗಿಸಿದರು. ಅದಕ್ಕೂ ಮೊದಲು ಸ್ವೀಡನ್ನಿನಲ್ಲಿ ಹತ್ತು ಜನರಿಗೆ ಹಂದಿಯ ಭ್ರೂಣದ ಕೋಶ ಹಾಕಿದ್ದರ ವರದಿ 1994ರಲ್ಲಿ ಬಂತು. ಕೆಲವರಲ್ಲಿ ಕೋಶಗಳು ತಿಂಗಳುಗಟ್ಟಲೆ ಉಳಿದವು, ಸೂಜಿ ಮಾತ್ರ ತಪ್ಪಲಿಲ್ಲ. ಹಂದಿಯ ವಂಶವಾಹಿಯಲ್ಲೇ ಅಡಗಿರುವ ವೈರಸ್ಸಿನ ಭಯ ಇನ್ನೊಂದು. 2017ರಲ್ಲಿ ಆ ವೈರಸ್ಸನ್ನು ನಿಷ್ಕ್ರಿಯಗೊಳಿಸಿದ ಹಂದಿಮರಿಗಳು ಹುಟ್ಟಿದವು.

ನಮ್ಮ ದೇಶದ ಅನುಭವವೂ ಒಂದಿದೆ. 1997ರ ಜನವರಿಯಲ್ಲಿ ಅಸ್ಸಾಮಿನ ಸೋನಾಪುರದಲ್ಲಿ (ಹೆಸರು ನಮ್ಮೂರನ್ನು ಹೋಲುತ್ತದೆ, ಅಷ್ಟೇ) ಡಾ. ಧನಿರಾಮ್ ಬರುವಾ ರೋಗಿಯೊಬ್ಬರಿಗೆ ಹಂದಿಯ ಹೃದಯ ಇಟ್ಟರು. ಒಂದು ವಾರದಲ್ಲಿ ರೋಗಿ ತೀರಿಕೊಂಡರು, ವೈದ್ಯರು ಜೈಲು ಸೇರಿದರು. ಪ್ರಾಣಿಯ ಕೋಶದಿಂದ ಸಕ್ಕರೆ ಕಾಯಿಲೆ ಗುಣಪಡಿಸುವ ಅನುಮೋದಿತ ಚಿಕಿತ್ಸೆ ಇಂದು ಭಾರತದ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದೆ ಎಂದು ಯಾರಾದರೂ ಲಕ್ಷಗಟ್ಟಲೆ ಹಣ ಕೇಳಿದರೆ ಎದ್ದು ಬನ್ನಿ.

ಇನ್ನು ಎರಡನೆಯ ಪ್ರಶ್ನೆ. ಫತ್ವಾ ಕೊಡುವುದು ಆಲಿಮರ ಕೆಲಸ, ನನ್ನದಲ್ಲ. ಆದರೆ ಜೀವಕ್ಕೆ ಕುತ್ತು ಬಂದು ಬೇರೆ ದಾರಿಯೇ ಇಲ್ಲದವನಿಗೆ ನಿಷಿದ್ಧದಲ್ಲೂ ವಿನಾಯಿತಿ ಇದೆಯೆಂಬುದು ಇಲ್ಲಿರುವ ಎಲ್ಲರೂ ಬಲ್ಲ ತತ್ವ. ಹಾಗಾದರೆ ಕೇಳಬೇಕಾದ್ದು, ಬೇರೆ ದಾರಿ ಇದೆಯೇ ಎಂದು. ಸದ್ಯಕ್ಕೆ ಸೂಜಿ ಇದೆ. ಮನುಷ್ಯರ ಕಾಂಡಕೋಶದಿಂದಲೇ ಇನ್ಸುಲಿನ್ ಕೋಶ ಬೆಳೆಸುವ ದಾರಿಯೂ ತೆರೆಯುತ್ತಿದೆ. ಅಂಥ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನರಿಗೆ ಒಂದು ವರ್ಷದ ಹೊತ್ತಿಗೆ ಸೂಜಿ ಬೇಕಿರಲಿಲ್ಲ ಎಂಬ ವರದಿ 2025ರಲ್ಲಿ ಪ್ರಕಟವಾಯಿತು. ಆದರೆ ಮೈಯ ರಕ್ಷಣೆಯನ್ನು ಕುಗ್ಗಿಸುವ ಮಾತ್ರೆಗಳನ್ನು ಅವರು ನುಂಗುತ್ತಲೇ ಇರಬೇಕು. ಈ ದಾರಿ ಗೆದ್ದರೆ ಹಂದಿಯ ಪ್ರಶ್ನೆ ನಮ್ಮ ಮುಂದೆ ಬರದೆಯೂ ಹೋಗಬಹುದೆಂದು ನನ್ನ ಅಂದಾಜು.

ನನ್ನ ಚಿಂತೆ ಬೇರೆ. ಗುಣವಾಗುವ ಔಷಧ ಬರುತ್ತದಂತೆ ಎಂದು ಕೇಳಿ, ಅಥವಾ ಬೇರಿನ ಪುಡಿ ನಂಬಿ, ಮಗುವಿನ ಸೂಜಿ ನಿಲ್ಲಿಸುವವರಿದ್ದಾರೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಆಮ್ಲ ಏರಿ, ವಾಂತಿಯಾಗಿ, ಉಸಿರು ಜೋರಾಗಿ ಮಗು ಎಚ್ಚರ ತಪ್ಪುತ್ತದೆ. ಹೆಣ್ಣುಮಗುವಾದರೆ ಮದುವೆಗೆ ಅಡ್ಡಿಯಾದೀತೆಂದು ಶಾಲೆಗೂ ತಿಳಿಸದೆ ಮಧ್ಯಾಹ್ನದ ಸೂಜಿ ತಪ್ಪಿಸುವವರೂ ಉಂಟು. ತಾಯಂದಿರೇ, ಶಿಕ್ಷಕರಿಗೆ ಹೇಳಿ. ಮಗು ಪದೇ ಪದೇ ನೀರು ಕೇಳಿದರೆ, ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದರೆ, ಉಂಡರೂ ಸೊರಗಿದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ರಂಜಾನ್ ಉಪವಾಸದ ವಿಷಯದಲ್ಲಿ ವೈದ್ಯರನ್ನು ಕೇಳದೆ ಇಂಥ ಮಕ್ಕಳನ್ನು ಕೂರಿಸಬೇಡಿ.

ನಮ್ಮ ಬೇಸಿಗೆಯಲ್ಲಿ ಇನ್ಸುಲಿನ್ ಬೇಗ ಕೆಡುತ್ತದೆ. ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಮಡಿಕೆಯೊಳಗೆ ಚಿಕ್ಕದೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟು ನೆರಳಲ್ಲಿ ಇಡಿ. ಮರಳು ಒಣಗದಂತೆ ದಿನಕ್ಕೆರಡು ಸಲ ನೀರು ಚಿಮುಕಿಸಿ. ಇನ್ನು ಪ್ರಶ್ನೆಗಳಿದ್ದವರು ಕೇಳಬಹುದು.